ಗೇಮ್ ಮಷಿನ್ ಮತ್ತು ಸರೋಜಮ್ಮನ ಅನುಮಾನ

ಕೆಲಸಕ್ಕೆಂದು ಎನ್.ಆರ್. ಪುರಕ್ಕೆ ಬಂದ ಹೊಸತರಲ್ಲಿ ನನ್ನ ವಿಡಿಯೋ ಗೇಮ್ ಕನ್ಸೋಲ್ ಕೆಟ್ಟಿತು. ಆಡಲು ಕೂತ ಸ್ವಲ್ಪ ಹೊತ್ತಿಗೇ ಬಿಸಿಯಾಗಿ ಆಫ್ ಆಗುತ್ತಿತ್ತು. ಭಾನುವಾರ ಬೆಳಿಗ್ಗೆ ರೂಮಿನಲ್ಲಿ ಅದನ್ನು ಬಿಚ್ಚಿ ಹರವಿಕೊಂಡಿದ್ದಾಗ ಮನೆ ಓನರ್ ಸರೋಜಮ್ಮ ಬಾಗಿಲಲ್ಲಿ ಬಂದು ನಿಂತರು.

"ಎಂತ ಮಾರಾಯ್ರೆ ಇದು?"

"ಗೇಮ್ ಆಡೋ ಮಷಿನ್ನು ಅಮ್ಮ, ರಿಪೇರಿ ಮಾಡ್ತಿದೀನಿ."

"ಇಷ್ಟು ದೊಡ್ಡವರು ಗೇಮ್ ಆಡ್ತೀರಾ?" ಅವರು ನಂಬಲಿಲ್ಲ. "ಹೆಂಗಸರಿರೋ ಮನೆ ಇದು. ಕ್ಯಾಮೆರಾ ಗೀಮೆರಾ ಆಗಿದ್ರೆ ಇವತ್ತೇ ರೂಮು ಖಾಲಿ ಮಾಡಿ" ಎಂದು ಕುರ್ಚಿ ಎಳೆದು ನನ್ನೆದುರೇ ಕೂತರು.

ಫ್ಯಾನಿಗೆ ಮೆತ್ತಿದ್ದ ಧೂಳು ತೆಗೆದೆ. ಒಳಗಿನ ಚಿಪ್‌ನ ಬಿಸಿ ಎಳೆಯಲು ಹಚ್ಚುವ ಪೇಸ್ಟಿನ ಟ್ಯೂಬು ಹಿಡಿದಾಗ ಅವರ ಹುಬ್ಬು ಮೇಲೇರಿತು.

"ಹಲ್ಲುಜ್ಜೋದನ್ನ ಮಷಿನ್ನಿಗೆ ಹಚ್ತೀರಾ?"

ಎಲ್ಲ ಜೋಡಿಸಿ ಟೀವಿಗೆ ಸಿಕ್ಕಿಸಿದೆ. ಪುಣ್ಯಕ್ಕೆ ಫುಟ್‌ಬಾಲ್ ಮೈದಾನ ಮೂಡಿತು, ಮಷಿನ್ನು ಆಫ್ ಆಗಲಿಲ್ಲ. ನಾನು ಬೀಗುತ್ತ ಅವರತ್ತ ತಿರುಗಿದೆ.

"ಆಡಿ ತೋರ್ಸಿ" ಎಂದರು.

ಗಾಬರಿಯಲ್ಲಿ ಚೆಂಡನ್ನು ನಮ್ಮದೇ ಗೋಲಿಗೆ ಹೊಡೆದೆ. ಸರೋಜಮ್ಮ ಎದ್ದು ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನಿಜ ಹೇಳಿ, ಯಾರದ್ದು ಇದು? ನಿಮ್ಮದೇ ಆಗಿದ್ರೆ ಆಡೋಕೆ ಬರ್ತಿರ್ಲಿಲ್ವಾ?"

ರೂಮು ಉಳಿಯಿತು. ಆದರೆ ನಾನು ಹೊರಗಿಂದ ಬರುವಾಗೆಲ್ಲ ಅವರು ಮೊದಲು ನೋಡುವುದು ಈಗ ನನ್ನ ಮುಖವನ್ನಲ್ಲ, ಬ್ಯಾಗನ್ನು.