ಕಾದಂಬರಿಯಲ್ಲಿ ತೀರಿಕೊಂಡ ದೊಡ್ಡಮ್ಮ

ಫೋನಿನಲ್ಲಿ ಏನನ್ನಾದರೂ ಬರೆಯಲು ಕೂತರೆ ಪರದೆಯ ಕೆಳಮೂಲೆಯಲ್ಲಿ ಪುಟ್ಟದೊಂದು ಸಂಖ್ಯೆ ಕಾಣಿಸುತ್ತದೆ, ನೀವೂ ಗಮನಿಸಿರಬಹುದು. ಎಷ್ಟು ಪದವಾಯಿತೆಂದು ಹೇಳುವುದಷ್ಟೇ ಅದರ ಕೆಲಸ. ಬರೆದದ್ದು ಮಹಾಕಾವ್ಯವೋ ಮಣ್ಣಂಗಟ್ಟಿಯೋ ಎಂಬ ವಿಮರ್ಶೆಗೆ ಅದು ಇಳಿಯುವುದಿಲ್ಲ. ಅದರ ಈ ನಿಷ್ಪಕ್ಷಪಾತ ಗುಣಕ್ಕೆ ಮರುಳಾಗಿಯೇ, ಬಾಣಾವರದಿಂದ ಅರಸೀಕೆರೆಯ ಕಾಲೇಜಿಗೆ ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದ ಬಿ.ಎ. ಎರಡನೇ ವರ್ಷದಲ್ಲಿ, ಮೂವತ್ತು ದಿನಗಳಲ್ಲಿ ಐವತ್ತು ಸಾವಿರ ಪದಗಳ ಕಾದಂಬರಿ ಬರೆಯುವ ಆನ್‌ಲೈನ್ ಸವಾಲೊಂದಕ್ಕೆ ನಾನು ಹೆಸರು ಕೊಟ್ಟೆ. ಮುಗಿಸಿದವರಿಗೆ ಪ್ರಮಾಣಪತ್ರವಂತೆ. ಅದನ್ನೂ ನಾವೇ ಪ್ರಿಂಟ್ ಹಾಕಿಸಿಕೊಳ್ಳಬೇಕು.

ಕಥಾನಾಯಕ ಹಳೇಬೀಡಿನವನು, ನಾಯಕಿ ಬೇಲೂರಿನವಳು. ನಡುವೆ ಅರ್ಧ ಗಂಟೆಯ ಬಸ್ಸಿನ ದಾರಿ. ಅರ್ಧ ಗಂಟೆಯ ವಿರಹವನ್ನು ಐವತ್ತು ಸಾವಿರ ಪದಗಳಿಗೆ ಹಿಗ್ಗಿಸುವುದು ಹೇಗೆ? ಮೊದಲ ವಾರವೇ ನಾಯಕನಿಗೆ ಬಸ್ಸಿನಲ್ಲಿ ನಿದ್ದೆ ಹತ್ತಿಸಿ, ಬೇಲೂರು ದಾಟಿಸಿ, ಬಿಕ್ಕೋಡಿನಲ್ಲಿ ಎಚ್ಚರಗೊಳಿಸಿದೆ. ಹೋಗುತ್ತಾ ಸಾವಿರ ಪದ, ಬರುತ್ತಾ ಸಾವಿರ ಪದ.

ಪಾತ್ರಗಳು ಸಾಲದಾದಾಗ ಮನೆಯವರನ್ನೇ ಒಳಗೆ ಕರೆದುಕೊಂಡೆ. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದಳು, ಮಕ್ಕಳಿರಲಿಲ್ಲ. ಹೂವಿನ ಪೊಟ್ಟಣದ ದಾರವನ್ನು ಎಸೆಯದೆ ಉಂಡೆ ಸುತ್ತುವುದು, ಎರಡನೇ ಸಲ ಕರೆಯದ ಹೊರತು ಊಟಕ್ಕೆ ಏಳದಿರುವುದು, ಎಲ್ಲವನ್ನೂ ಯಥಾವತ್ತಾಗಿ ಎತ್ತಿಕೊಂಡು ಹೆಸರನ್ನಷ್ಟೇ ಪಾರ್ವತಕ್ಕ ಎಂದು ಬದಲಿಸಿದೆ. ಸಂಜೆ ಅವಳು ಅವರೆಕಾಯಿ ಸುಲಿಯುತ್ತಾ ಕೂತಾಗ ಅಂದಂದಿನದನ್ನು ಓದಿ ಹೇಳುತ್ತಿದ್ದೆ. ಪಾರ್ವತಕ್ಕ ಯಾರೆಂದು ಅವಳಿಗೆ ಮೊದಲ ದಿನವೇ ತಿಳಿದಿತ್ತು. ಪಾರ್ವತಕ್ಕ ಬಂದಾಗಲೆಲ್ಲ ಕಾಯಿ ಸುಲಿಯುವ ಕೈ ನಿಧಾನವಾಗುತ್ತಿತ್ತು.

ತೊಂದರೆಯೆಂದರೆ, ಪಾರ್ವತಕ್ಕ ದೊಡ್ಡಮ್ಮನಷ್ಟೇ ವ್ಯವಹಾರಜ್ಞೆ. ಅವಳನ್ನು ಹಾಗೇ ಬಿಟ್ಟರೆ ಎರಡೂ ಮನೆಯವರನ್ನು ಕೂರಿಸಿ, ಬುದ್ಧಿ ಹೇಳಿ, ಇಪ್ಪತ್ತನೇ ದಿನಕ್ಕೆಲ್ಲ ಮದುವೆ ಮುಗಿಸಿಬಿಡುತ್ತಿದ್ದಳು. ಉಳಿದ ಹತ್ತು ದಿನ ನಾನೇನು ಬರೆಯಲಿ? ಹತ್ತೊಂಬತ್ತನೇ ದಿನ ಎರಡೇ ಸಾಲಿನಲ್ಲಿ ಅವಳನ್ನು ತೀರಿಸಿ, ಮೂರನೇ ಸಾಲಿಗೆ ನಾಯಕನನ್ನು ಮತ್ತೆ ಬಸ್ಸು ಹತ್ತಿಸಿದೆ.

ಓದುವಾಗ ಆ ಸಾಲುಗಳನ್ನು ಹಾರಿಸಬೇಕೆಂದಿದ್ದೆ. ಓದಿನ ಓಟದಲ್ಲಿ ನಾಲಿಗೆ ಜಾರಿತು. ದೊಡ್ಡಮ್ಮ ಮೊರವನ್ನು ಪಕ್ಕಕ್ಕಿಟ್ಟು ಒಳಗೆ ಹೋದಳು. ಅಂದು ಮೂರು ಸಲ ಕರೆದರೂ ಊಟಕ್ಕೆ ಏಳಲಿಲ್ಲ. ಬದುಕಿರುವವರನ್ನು ಸಾಯಿಸಿ ಬರೆಯುವ ವಿದ್ಯೆಗೆ ಬೆಂಕಿ ಹಾಕು ಎಂದಳು ಅಮ್ಮ. ನನಗಂತೂ ಕಾದಂಬರಿ ಹಾಳಾಗಲಿ, ದೊಡ್ಡಮ್ಮ ಮಾತಾಡಿದರೆ ಸಾಕು ಎನಿಸಿತ್ತು.

ಬೆಳಿಗ್ಗೆ ಕಾಲೇಜಿಗೆ ಚಕ್ಕರ್ ಹೊಡೆದು, ಹಿತ್ತಲಲ್ಲಿದ್ದವಳ ಎದುರು ನಿಂತು, ಪಾರ್ವತಕ್ಕನನ್ನು ಬದುಕಿಸುತ್ತೇನೆಂದೆ.

"ಬ್ಯಾಡ," ಎಂದಳು. "ಹೋದ ವಾರ ಇಲ್ಲೇ ಬಟ್ಟೆ ಒಣಗಾಕುವಾಗ ಕಾಗೆ ನನ್ನ ತಲೆ ಕುಕ್ಕಿ ಹೋಗೈತೆ. ನಿಮ್ಮಮ್ಮ ಹೆದರ್ಕಂತಾಳೆ ಅಂತ ಹೇಳಿರ್ಲಿಲ್ಲ."

ನಮ್ಮ ಕಡೆ ಕಾಗೆ ತಲೆ ಮುಟ್ಟಿದರೆ ದೋಷ. ಪರಿಹಾರಕ್ಕೆ, ಮುಟ್ಟಿಸಿಕೊಂಡವರು ಸತ್ತರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸುತ್ತಾರೆ. ಅವರು ಅತ್ತ ಮೇಲೆ ನಿಜ ಹೇಳುತ್ತಾರೆ.

"ಯಾರಿಗೆ ಹೇಳಿ ಕಳಿಸ್ಲಿ ಅಂತ ಒಂದು ವಾರದಿಂದ ಯೋಚನೆ ಮಾಡ್ತಿದ್ದೆ. ನೀನೇ ಸುದ್ದಿ ಬರ್ದುಬಿಟ್ಟೆ, ಒಳ್ಳೇದೇ ಆಯ್ತು. ಆದ್ರೆ ಕೇಳಿದೋರು ಅಳಬೇಕು ಕಣೇ. ನಿನ್ನ ಪುಸ್ತಕದಾಗೆ ಒಬ್ರೂ ಅಳಲಿಲ್ವಲ್ಲ."

ಎರಡು ಸಾಲಿನ ಸಾವಲ್ಲ, ಅಳುವವರಿಲ್ಲದ ಸಾವು ಅವಳಿಗೆ ನೋವು ಮಾಡಿತ್ತು. ಯಾರಿಗೆ ಹೇಳಿ ಕಳಿಸಲಿ ಎಂಬ ಒಂದು ವಾರದ ಯೋಚನೆಯಲ್ಲೂ ಆ ನೋವೇ ಇತ್ತೆಂದು ತಡವಾಗಿ ಹೊಳೆದು ನಾಚಿಕೆಯಾಯಿತು.

ಸರಿ, ಬಸ್ಸು ನಿಲ್ಲಿಸಿದೆ. ನಾಲ್ಕು ದಿನ ಕಾದಂಬರಿಯ ಸಕಲ ಪಾತ್ರಗಳನ್ನೂ ಪಾರ್ವತಕ್ಕನ ಅಂಗಳಕ್ಕೆ ಕರೆಸಿ ಅಳಲು ಕೂರಿಸಿದೆ. ಪದಗಳಿಗಾಗಿ ಆರಂಭಿಸಿದ್ದು ನಿಜ, ಸುಳ್ಳೇಕೆ ಹೇಳಲಿ. ಆದರೆ ನಾಯಕಿ ಅವಳ ದಾರದ ಉಂಡೆಯನ್ನು ಕೈಗೆತ್ತಿಕೊಂಡ ಕಡೆ ನನಗೆ ಪರದೆ ಕಾಣದಾಯಿತು. ಪಕ್ಕದ ಕೋಣೆಯಲ್ಲಿ ದೊಡ್ಡಮ್ಮ ಕೆಮ್ಮುವುದು ಕೇಳಿಸುತ್ತಲೇ ಇತ್ತು, ಆದರೂ ಬಿಕ್ಕಿಬಿಕ್ಕಿ ಅತ್ತೆ. ಸುಳ್ಳೆಂದು ಗೊತ್ತಿದ್ದೂ ಅಳುವುದಕ್ಕೇ ಜನ ಕಾದಂಬರಿ ಓದುತ್ತಾರೇನೋ ಎಂದು ಅಂದು ಅನ್ನಿಸಿತು.

ಮೂವತ್ತನೇ ದಿನ ಐವತ್ತು ಸಾವಿರ ಮುಟ್ಟಲಿಲ್ಲ, ಪ್ರಮಾಣಪತ್ರವೂ ಬರಲಿಲ್ಲ. ಅದರ ಬೇಸರ ಆಗಲೂ ಆಗಲಿಲ್ಲ, ಈಗಲೂ ಇಲ್ಲ. ಅಂದು ಸಂಜೆ ನಾಲ್ಕು ದಿನದ ಅಳುವನ್ನೆಲ್ಲ ಒಂದೇ ಪಟ್ಟಿಗೆ ಓದಿದೆ. ದೊಡ್ಡಮ್ಮ ಒಂದು ಕಾಯಿಯನ್ನೂ ಸುಲಿಯದೆ ಕೇಳಿದಳು. ನಾಯಕನ ಅಪ್ಪ ಅಳುವ ಪೈಕಿಯವನಲ್ಲ, ಅವನನ್ನು ತೆಗೆ ಎಂದಳು, ತೆಗೆದೆ. ಆಮೇಲೆ ನನ್ನ ಮುಖವನ್ನೇ ನೋಡಿ, ಬರೆಯುವಾಗ ನೀನೂ ಅತ್ತೆಯಾ ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ.

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮೊರವನ್ನು ಹತ್ತಿರಕ್ಕೆಳೆದುಕೊಂಡಳು.

"ಸಾಕು ಬಿಡು, ದೋಷ ಹೋಯ್ತು. ಆ ಹುಡುಗಂದು ಹುಡುಗೀದು ಏನಾಯ್ತು, ಅದನ್ನ ಓದು."