ಮೂರನೇ ಗುಂಡಿಯ ನೀರು

ನನ್ನ ಹೆಸರು ಹುಲಿಯಮ್ಮ. ಹೆಸರಿಗೆ ತಕ್ಕಂತೆ ಬಾಯಿಯೂ ಜೋರು ಎನ್ನುತ್ತಾರೆ, ಎನ್ನಲಿ. ತೀರ್ಥಹಳ್ಳಿ ಮುನಿಸಿಪಾಲಿಟಿಯಲ್ಲಿ ಚರಂಡಿ ಮೇಸ್ತ್ರಿಯಾಗಿದ್ದ ನಮ್ಮಪ್ಪ ಜಟ್ಟಿಂಗಪ್ಪನ ಬಾಯಿಂದ ದಿನಕ್ಕೆ ನಾಲ್ಕು ಮಾತು ಹೊರಟರೆ ಹೆಚ್ಚು. ಅವನ ಪಾಲಿನದನ್ನೂ ನಾನೇ ಆಡಬೇಕು.

ಇದು ಸಾವಿರದ ಒಂಬೈನೂರ ಮೂವತ್ತೇಳರ ಮಾತು. ಆಗ ಪೇಟೆಯ ಬಚ್ಚಲು, ಚರಂಡಿ ನೀರೆಲ್ಲ ಸ್ನಾನದ ಮೆಟ್ಟಿಲ ಮೇಲುಗಡೆಯೇ ತುಂಗೆಗೆ ಬೀಳುತ್ತಿತ್ತು. ನಮ್ಮ ಮನೆ ಇನ್ನೂ ಕೆಳಗೆ, ಅದೇ ಹೊಳೆಯ ದಂಡೆಯಲ್ಲಿ. ಕುಡಿಯಲಿಕ್ಕೂ ಆ ನೀರೇ. ನನಗೆ ವರ್ಷಕ್ಕೆರಡು ಸಲ ವಾಂತಿಭೇದಿ. ಏಳನೇ ವಯಸ್ಸಿನಲ್ಲಂತೂ ಇನ್ನೇನು ಹೋದೆ ಅನ್ನುವಷ್ಟಾಗಿ ಬದುಕಿಕೊಂಡೆ. ಆ ವಾರವೇ ಅಪ್ಪ ಗುದ್ದಲಿ ಹಿಡಿದ.

ಚರಂಡಿ ಹೊಳೆ ಸೇರುವ ಮುಂಚೆ ಮೂರು ಗುಂಡಿ ತೋಡಿದ. ಶಿವಮೊಗ್ಗದಲ್ಲಿ ಯಾರೋ ಇಂಜಿನಿಯರು ಹೇಳಿದ್ದನ್ನು ಕೇಳಿಸಿಕೊಂಡು ಬಂದಿದ್ದನಂತೆ. ಮೊದಲನೆಯದರಲ್ಲಿ ನೀರು ನಿಂತು ರಾಡಿ ತಳಕ್ಕಿಳಿಯಬೇಕು. ಎರಡನೆಯದರ ತುಂಬ ಜಲ್ಲಿಕಲ್ಲು. ಕಲ್ಲಿಗೆ ಹಿಡಿದ ಲೋಳೆ ಉಳಿದ ಕೊಳೆಯನ್ನು ತಿನ್ನುತ್ತದೆ. ಮೂರನೆಯದರಲ್ಲಿ ಮರಳು, ಇದ್ದಿಲು. ಅಲ್ಲಿಂದ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಹೊಳೆಗೆ.

ನೀರೇನೋ ತಿಳಿಯಾಯಿತು. ಮೊದಲ ಗುಂಡಿ ಮಾತ್ರ ನಾರಿತು. ಮುನಿಸಿಪಾಲಿಟಿ ಅಧ್ಯಕ್ಷ ಸೀತಾರಾಮಪ್ಪನವರ ತಾಯಿ ವರದಮ್ಮ ದಿನಾ ಹೊಳೆಗೆ ಸ್ನಾನಕ್ಕೆ ಬರುವವರು, ಮಹಾ ಮಡಿ. ಮೂಗು ಮುಚ್ಚಿಕೊಂಡು ಮಗನ ತಲೆ ತಿಂದರು. ಒಂದು ಸೋಮವಾರ ಬೆಳಿಗ್ಗೆ ಅಧ್ಯಕ್ಷರು ನಾಲ್ಕು ಆಳು ಕರೆದುಕೊಂಡು ಗುಂಡಿ ಮುಚ್ಚಿಸಲು ಬಂದೇಬಿಟ್ಟರು. ಹಿಂದೆಯೇ ತಾಮ್ರದ ಕೊಡ ಹಿಡಿದು ವರದಮ್ಮ. ಅಪ್ಪ ನನ್ನ ಕೈ ಹಿಡಿದು ನಿಂತಿದ್ದ.

ಗುಂಡಿಯತ್ತ ನೋಡಲೂ ಒಲ್ಲದೆ ದಂಡೆಗಿಳಿದ ವರದಮ್ಮ ದಂಬೆಯ ಬಳಿ ನಿಂತರು.

"ಎಷ್ಟು ಚಂದದ ಒರತೆ ಇದು," ಎನ್ನುತ್ತ ಕೊಡ ತುಂಬಿದರು. "ಸೀತಾರಾಮ, ಇಲ್ಲಿ ಗುದ್ದಲಿ ಹಾಕ್ಸಬೇಡ, ಒರತೆ ಕೆಡ್ತದೆ. ದೇವರ ಪೂಜೆಗೆ ಇನ್ನು ಇದೇ ನೀರು."

ಅಪ್ಪ ಸುಮ್ಮನಿದ್ದರೆ ಗೆದ್ದಂತೆಯೇ. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಅವರು ಬೊಗಸೆಯಲ್ಲಿ ನೀರು ಹಿಡಿದು ಬಾಯಿಗೆ ತಂದರು.

"ಕುಡೀಬೇಡಿ ಅಮ್ಮಾರೇ," ಎಂದ ಅಪ್ಪ. "ಅದು ಒರತೆ ಅಲ್ಲ. ನಿಮ್ಮನೆ ಬಚ್ಚಲ ನೀರು. ಹೊಳೆಗೆ ಬಿಡಬಹುದು, ಬಾಯಿಗಲ್ಲ."

ಕೊಡ ಢಣ್ಣೆಂದು ಬಿತ್ತು. ವರದಮ್ಮ ಮೊದಲ ಗುಂಡಿಯ ರಾಡಿ ನೋಡಿದರು, ದಂಬೆಯ ನೀರು ನೋಡಿದರು, ಮಗನತ್ತ ತಿರುಗಿದರು.

"ಗುಂಡಿ ಮುಚ್ಚಿದ್ರೆ ಆ ರಾಡಿ ಎಲ್ಲಿಗೆ ಹೋಗ್ತದೆ?"

"ಮೊದಲಿನ ಹಾಗೆ ಹೊಳೆಗೆ, ಅಮ್ಮ."

"ನಾನು ದಿನಾ ಮೀಯೋದು ಎಲ್ಲಿ?"

"ಹೊಳೇಲಿ."

"ಮತ್ತೆ ಗುದ್ದಲಿ ಎಂತಕ್ಕೆ ತಂದ್ಯೋ?"

ಆಳುಗಳು ಮೊದಲು ನಕ್ಕರು, ಆಮೇಲೆ ಅಧ್ಯಕ್ಷರೂ ನಕ್ಕರು. ವರದಮ್ಮ ಕೊಡವನ್ನು ಹುಣಸೆಹಣ್ಣು ಹಾಕಿ ಏಳು ಸಲ ತಿಕ್ಕಿದರಂತೆ. ಮರುದಿನ ಮೊದಲ ಗುಂಡಿಗೆ ಮುಚ್ಚಳ ಮಾಡಲು ತಮ್ಮ ಅಟ್ಟದ ಹಲಗೆ ಕಳಿಸಿದರು, ನಾತ ಅಡಗಿತು. ಸ್ನಾನಕ್ಕೆ ಬಂದವರಿಗೆಲ್ಲ ದಂಬೆ ತೋರಿಸಿ, "ನಮ್ಮನೆ ಬಚ್ಚಲ ನೀರು, ನೋಡಿದ್ರಾ?" ಎಂದು ಬೀಗುತ್ತಿದ್ದರು. ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿಯಿತು.

ಆಮೇಲೆ ಒಂದು ವರ್ಷ, ಅದೇ ಹೊಳೆ ನೀರು ಕುಡಿದೂ, ನಾನು ಒಂದು ದಿನವೂ ಹಾಸಿಗೆ ಹಿಡಿಯಲಿಲ್ಲ. ಯುಗಾದಿಯ ಬೆಳಿಗ್ಗೆ ಅಪ್ಪ ನನ್ನನ್ನು ನಮ್ಮ ಮನೆಯೆದುರಿನ ಹೊಳೆಗೆ ಇಳಿಸಿ, ಬೊಗಸೆ ತುಂಬ ನೀರೆತ್ತಿ ನನ್ನ ಬಾಯಿಗೆ ಹಿಡಿದ.

"ಕುಡಿ ಮಗಾ," ಎಂದ.