ಉಂಡ ಕೌದಿ ಬಿಚ್ಚಬಾರದು

ಆಯಿಯ ಎಡಗೈ ತೋರುಬೆರಳಿನ ತುದಿ ಕಪ್ಪಾಗಿ ಒರಟಾಗಿತ್ತು. ಕೌದಿ ಹೊಲಿಯುವಾಗ ಮೇಲಿನಿಂದ ಇಳಿದ ಸೂಜಿಯ ಮೊನೆ ಮೊದಲು ತಾಗುವುದು ಆ ಬೆರಳಿಗೇ. ಜೀವಮಾನವಿಡೀ ಚುಚ್ಚಿಸಿಕೊಂಡ ಬೆರಳು. ಸುಡುವ ಹೆಂಚಿನ ಮೇಲಿನ ರೊಟ್ಟಿಯನ್ನೂ ಅದರಿಂದಲೇ ತಿರುವಿ ಹಾಕುತ್ತಿದ್ದರು.

ಬೈಲಹೊಂಗಲದಲ್ಲಿ ನನ್ನ ಗಂಡನ ಮನೆಗೆ ಗೋಡೆ ಅಂಟಿಕೊಂಡ ಮನೆ ಅವರದು. ನಮಗೆ ಸಂಬಂಧಿಕರಲ್ಲ, ಆದರೂ ಓಣಿಗೆಲ್ಲ ಆಯಿ. ಹಳೆ ಸೀರೆ, ಧೋತರಗಳ ಗಂಟು ಹೊತ್ತು ಕೌದಿ ಹೊಲಿಸಲು ಹೋದರೆ ಒಂದೊಂದೇ ಬಟ್ಟೆ ಎತ್ತಿ ಹಿಡಿದು, "ಇದು ಯಾರದವಾ?" ಎಂದು ಕೇಳುವರು. ಪೇಟೆಯಲ್ಲಿ ಹುಲಿ ಚಿತ್ರದ ದಪ್ಪ ಬ್ಲಾಂಕೆಟ್ ಸಿಗುವ ಕಾಲದಲ್ಲಿ ಇದೆಂಥ ಪಂಚಾಯಿತಿ ಎಂದು ಹೊಸ ಸೊಸೆಯಾದ ನನಗೆ ನಗು. "ಯಾರ ಮೈಮ್ಯಾಲಿಂದು ಅಂತ ಗೊತ್ತಿಲ್ಲದ್ದು ಹೊತಗೊಂಡ್ರ ನಿದ್ದಿ ಹೆಂಗ ಬರತೈತಿ?" ಎಂದು ಗದರುತ್ತಿದ್ದರು.

ಕೊನೆಗೆ ಒಂದು ಮೂಲೆ ಬಿಟ್ಟು, ಅದರೊಳಗೆ ಬೆಲ್ಲ ಹಚ್ಚಿದ ರೊಟ್ಟಿ ಚೂರು ಇಟ್ಟು ಹೊಲಿದುಬಿಡುವರು. ಹಸಿದ ಕೌದಿ ಮಲಗಿದವರನ್ನೂ ಮಲಗಗೊಡುವುದಿಲ್ಲವಂತೆ. "ಇರುವಿ ಬರ್ತಾವ್ರಿ ಆಯಿ" ಎಂದೆ ಒಮ್ಮೆ. "ಬರ್ಲಿ ಬಿಡು, ಅವಕ್ಕೂ ಹೊಟ್ಟಿ ಇಲ್ಲೇನು?" ಎಂದರು.

ಮದುವೆಯಾಗಿ ವರ್ಷ ತುಂಬುವುದರೊಳಗೆ ಬಸುರಿಯಾದೆ. ನನಗೂ ಹುಟ್ಟುವ ಕೂಸಿಗೂ ಕೂಡಿ ಹೊದೆಯಲು ಒಂದು ಕೌದಿ ಬೇಕಾಗಿತ್ತು. ಅತ್ತೆ ಉಗರಗೋಳದಲ್ಲಿದ್ದ ತಮ್ಮನ ಮನೆಗೆ ಹೋಗಿದ್ದರು. ಅವರು ಬರುವವರೆಗೆ ಕಾಯುವ ತಾಳ್ಮೆ ನನಗೆಲ್ಲಿತ್ತು? ಟ್ರಂಕು ತೆಗೆದು ಕೈಗೆ ಸಿಕ್ಕ ಹಳೆಯದನ್ನೆಲ್ಲ ಗಂಟು ಕಟ್ಟಿದೆ. ಅದರಲ್ಲೊಂದು ಬಣ್ಣ ಹೋದ ಹಸಿರು ಇಳಕಲ್ ಸೀರೆ, ಹದಿನೆಂಟು ಮೊಳದ್ದು.

"ಇದು ಯಾರದವಾ?"

"ನಂದರಿ" ಎಂದೆ, ಮಾತು ಬೇಗ ಮುಗಿಯಲಿ ಎಂದು. ಇಪ್ಪತ್ತೆರಡರ ಹುಡುಗಿ ಮುದುಕಿಯರು ಉಡುವ ಹದಿನೆಂಟು ಮೊಳದ ಸೀರೆ ಉಡುತ್ತಾಳೆಯೇ? ಆಯಿ ನನ್ನ ಮುಖವನ್ನೊಮ್ಮೆ ನೋಡಿ ಸೀರೆಯನ್ನು ಬದಿಗಿಟ್ಟರು.

ಕೌದಿ ಇಪ್ಪತ್ತು ದಿನದಲ್ಲಿ ತಯಾರಾಯಿತು, ಒಂದು ಮೂಲೆ ಬಿಟ್ಟು. ಕೇಳಿದಾಗಲೆಲ್ಲ ಒಂದೇ ಉತ್ತರ: "ಅದಕ್ಕಿನ್ನಾ ಹಸಿವಾಗಿಲ್ಲ ತಗೋ." ಮುದುಕಿಗೆ ಮೈಗಳ್ಳತನ ಬಂತು ಎಂದು ಗಂಡನ ಮುಂದೆ ಗೊಣಗಿದೆ.

ಅತ್ತೆ ಬಂದ ಮರುದಿನ ಬೆಳಿಗ್ಗೆ ಟ್ರಂಕು ತೆರೆದರು. "ನಮ್ಮವ್ವನ ಸೀರಿ ಎಲ್ಲೈತಿ?" ತೊರಗಲ್ಲಿನಲ್ಲಿ ಅವರ ತಾಯಿ ತೀರಿಕೊಳ್ಳುವ ಮುನ್ನ ಕಡೆಯದಾಗಿ ಉಟ್ಟ ಸೀರೆ. ವರ್ಷಕ್ಕೊಮ್ಮೆ ತಾಯಿ ತೀರಿದ ದಿನ ಅದನ್ನು ಫೋಟೋದ ಮುಂದಿಟ್ಟು ಕೈಮುಗಿಯುತ್ತಿದ್ದರಂತೆ. ಆ ದಿನ ನಾಡಿದ್ದೇ ಇತ್ತು. "ಹುಡುಕತೀನ್ರಿ" ಎಂದವಳೇ ಹಿತ್ತಲ ಬಾಗಿಲಿನಿಂದ ಆಯಿಯ ಮನೆಗೆ ಓಡಿದೆ.

"ಆಯಿ, ಆ ಹಸರ ಸೀರಿ ಕತ್ತರಿಸಿದ್ರೇನ್ರಿ?"

"ಕತ್ತರಿ ತಾಕಿಸಿಲ್ಲ. ಇಡೀದನ್ನ ಮಡಚಿ ಒಳಗ ಹಾಕೇನಿ. ಅದಕ್ಕ ಮೂಲಿ ಮುಚ್ಚಿಲ್ಲ. ಉಂಡ ಕೌದಿ ಬಿಚ್ಚಬಾರದು ನೋಡು."

"ಮೊದಲ ಹೇಳಬಾರದೇನ್ರಿ?"

"ನೀ ನಂದು ಅಂದಿ. ಸುಳ್ಳಿ ಅಂತ ನಿನ್ನ ಮಾರಿಗೆ ಹೆಂಗ ಹೇಳ್ಲಿ? ನಿಮ್ಮತ್ತಿ ಬರೂತನಕ ಕಾಯ್ದೆ."

ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ. ಹೋದ ಜೀವ ಬಂದಂತಾಗಿತ್ತು. ಮಧ್ಯಾಹ್ನದವರೆಗೆ ಇಬ್ಬರೂ ಕೂತು ಹೊಲಿಗೆ ಬಿಚ್ಚಿದೆವು. ಸೀರೆಯನ್ನು ಆಯಿ ತಾವೇ ಒಯ್ದು ಅತ್ತೆಯ ಕೈಗಿಟ್ಟರು. "ದಡಿ ನೋಡಾಕ ನಾನ ಇಸಗೊಂಡಿದ್ದೆ. ಪಾಪ, ಹುಡುಗಿ ಹೇಳೂದು ಮರತಿರಬೇಕು." ಅತ್ತೆ ಸೀರೆಯನ್ನು ಎದೆಗೊತ್ತಿಕೊಂಡು ಒಳಗೆ ಹೋದರು. ಆಯಿ ನನ್ನ ಕಡೆ ತಿರುಗಿ, "ಈಗ ಖರೇನ ನಿಂದೊಂದು ತಾ" ಎಂದರು. ನನ್ನ ಸೀರೆಯೊಂದು ಒಳಗೆ ಹೋದ ಮೇಲೆಯೇ ಆ ಕೌದಿಗೆ ಹಸಿವಾಯಿತು.

ಹೋದ ಚಳಿಗಾಲದಲ್ಲಿ ಆಯಿ ಉಂಡು ಮಲಗಿದವರು ಏಳಲಿಲ್ಲ. ಒಬ್ಬರ ಕೈಯಲ್ಲೂ ನೀರು ಕೇಳದೆ ಹೋದರೆಂದು ಓಣಿಯೇ ನಿಟ್ಟುಸಿರು ಬಿಟ್ಟಿತು. ನನ್ನ ಮಗಳಿಗೆಂದು ಅವರು ಹೊಲಿಯುತ್ತಿದ್ದ ಕೌದಿಗೆ ಒಂದು ಮೂಲೆ ಬಾಕಿಯಿತ್ತು. ದಿನಕರ್ಮ ಮುಗಿದ ಮೇಲೆ ಅದನ್ನು ತಂದು, ಅತ್ತೆಯೂ ನಾನೂ ಪಡಸಾಲೆಯಲ್ಲಿ ಹರವಿಕೊಂಡು ಕೂತೆವು. ಇನ್ನು ತಡೆಯಲಾಗಲಿಲ್ಲ.

"ಅತ್ತಿ, ಅವತ್ತ ನಿಮ್ಮವ್ವನ ಸೀರಿ ಕೌದಿಗೆ ಕೊಟ್ಟಾಕಿ ನಾನರಿ."

ಅತ್ತೆ ದಾರ ಪೋಣಿಸುತ್ತಲೇ ಹೇಳಿದರು: "ಸೀರಿ ತುಂಬ ಸೂಜಿ ತೂತಿದ್ವು. ನನಗ ಕಣ್ಣಿರಲಿಲ್ಲೇನು?"

"ಮತ್ತ ಯಾಕ ಕೇಳಲಿಲ್ರಿ?"

"ನಿನ್ನ ಸಲುವಾಗಿ ಆಕಿ ಒಂದು ಸುಳ್ಳ ಹೇಳಿದ್ಲು. ಅದನ್ನೂ ಬಿಚ್ಚಲೇನು?"

ಇಷ್ಟು ವರ್ಷ ಹೊತ್ತುಕೊಂಡಿದ್ದ ಭಾರ ಇಳಿಯಿತು. ಮೊದಲು ನಗು ಬಂತು, ಆಮೇಲೆ ಅಳು. ಅತ್ತೆ ಒಳಗಿನಿಂದ ರೊಟ್ಟಿ ಚೂರಿಗೆ ಬೆಲ್ಲ ಹಚ್ಚಿ ತಂದು ಕೊಟ್ಟರು. ಮೂಲೆಯೊಳಗಿಟ್ಟು ಹೊಲಿಯತೊಡಗಿದೆ. ಸೂಜಿ ನನ್ನ ಎಡಗೈ ತೋರುಬೆರಳಿಗೆ ಚುಚ್ಚಿತು.

"ಅವ್ವಾ, ಇರುವಿ ಬರ್ತಾವು" ಎಂದಳು ಪಕ್ಕದಲ್ಲಿ ಕೂತಿದ್ದ ಮಗಳು.

"ಬರ್ಲಿ ಬಿಡು, ಅವಕ್ಕೂ ಹೊಟ್ಟಿ ಇಲ್ಲೇನು?" ಎಂದೆ.